ಸಾದಾ ಪುಟದ ಸೊಬಗು

ಬಾಗಿಲಿಗೆ ಎಷ್ಟೇ ಕೆತ್ತನೆಯ ಕೆಲಸವನ್ನು ಮಾಡಿಸಿದರೂ, ಬಂದವರು ತಲೆ ತಾಗಿಸಿಕೊಳ್ಳದೆ, ಹೊಸ್ತಿಲಿಗೆ ಎಡವದೆ ಒಳಗೆ ಬರುವಂತಿದ್ದರೆ ಮಾತ್ರ ಅದು ಒಳ್ಳೆಯ ಬಾಗಿಲೆನಿಸಿಕೊಳ್ಳುವುದು. ಈ ಮಾತು ಮಣ್ಣು ಕಲ್ಲುಗಳ ಮನೆಗೆ ಹೇಗೋ ಹಾಗೆಯೇ ಈಗಿನ ಕಾಲದ ಇನ್ನೊಂದು ಬಗೆಯ ಮನೆಗೂ ಸಲ್ಲುವುದು. ಅಂತರ್ಜಾಲದಲ್ಲಿ ಒಬ್ಬರು ತಮ್ಮ ಸ್ವಂತಕ್ಕೆಂದು ಇಟ್ಟುಕೊಳ್ಳುವ ಜಾಲಪುಟವೇ ಆ ಮನೆ. ನಮ್ಮ ಶಾಲೆಯಲ್ಲಿ ಓದಿದ ಸಹೋದರಿಯರಲ್ಲಿ ಕೆಲವರು ಉಪಾಧ್ಯಾಯಿನಿಯರಾಗಿ, ಕೆಲವರು ದಾದಿಯರಾಗಿ, ಕೆಲವರು ಗೃಹಿಣಿಯರಾಗಿ ನಾನಾ ಊರುಗಳಲ್ಲಿ ನೆಲಸಿರುವರು. ತಾವು ಕಲಿಸಿದ ಪಾಠಗಳನ್ನೋ, ಅಡಿಗೆಯ ಕ್ರಮಗಳನ್ನೋ, ಹಿರಿಯರ ನೆನಪುಗಳನ್ನೋ ಇಂಥ ಪುಟದಲ್ಲಿ ಇಡಬೇಕೆಂಬ ಆಸೆ ಅವರಲ್ಲಿ ಹಲವರಿಗುಂಟು. ಅವರ ಮಕ್ಕಳು ಆ ಕೆಲಸದಲ್ಲಿ ನೆರವಾಗಲು ಸಿದ್ಧರಾಗಿಯೂ ಇರುವರು. ಆದಕಾರಣ ಆ ವಿಷಯವನ್ನು ಕುರಿತು ನನ್ನ ಅನುಭವಕ್ಕೆ ಬಂದಷ್ಟನ್ನು ಈ ಸಂಚಿಕೆಯಲ್ಲಿ ಅರಿಕೆಮಾಡಿಕೊಳ್ಳುವೆನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಸ್ವಂತ ಪುಟವು ಎಷ್ಟು ಸಾದಾ ಆಗಿರುವುದೋ ಅಷ್ಟು ಹೆಚ್ಚು ಮಂದಿಗೆ, ಅಷ್ಟು ಹೆಚ್ಚು ಕಾಲ ಅದು ಪ್ರಯೋಜನಕ್ಕೆ ಬರುವುದು.

ಜಾಲಪುಟವೆಂಬುದು ಹುಟ್ಟಿದ್ದೇ ಸಾದಾ ಆಗಿ. ಜಿನೀವಾ ನಗರದ ಬಳಿ ಇರುವ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1991ರಲ್ಲಿ ಲೋಕಕ್ಕೆ ತೋರಿಸಿದ ಮೊದಲನೆಯ ತಾಣದಲ್ಲಿ ಚಿತ್ರವಿರಲಿಲ್ಲ, ಬಣ್ಣದ ಅಂಚುಗಳಿರಲಿಲ್ಲ. ಶೀರ್ಷಿಕೆಗಳು, ಸಾಲುಗಳು, ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಕೊಂಡಿಗಳು, ಇಷ್ಟೇ ಅಲ್ಲಿದ್ದುವು. 1993ನೆಯ ಇಸವಿಯ ಏಪ್ರಿಲ್ 30ರಂದು ಆ ಸಂಸ್ಥೆಯವರು ಈ ವಿದ್ಯೆಯನ್ನು ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದೆಂದು ಪ್ರಕಟಿಸಿದರು. ಅಂದು ಅವರು ಹಣ ಕೇಳಿದ್ದರೆ ಇಂದು ನಮ್ಮ ಹಳ್ಳಿಗಳ ಹುಡುಗಿಯರ ಕೈಗೆ ಈ ಸಾಧನವು ಬರುತ್ತಿತ್ತೋ ಇಲ್ಲವೋ ಎಂಬುದು ಸಂದೇಹವೇ ಸರಿ. ಆ ಮೊದಲನೆಯ ಪುಟವನ್ನು ಆ ಸಂಸ್ಥೆಯವರು ಮತ್ತೆ ಅದರ ಹಳೆಯ ವಿಳಾಸದಲ್ಲಿಯೇ ಇರಿಸಿರುವರು. ಮೂವತ್ತಕ್ಕೂ ಮಿಕ್ಕ ವರ್ಷಗಳು ಸಂದಮೇಲೆಯೂ ಅದು ಈಗಿನ ಮೊಬೈಲಿನಲ್ಲಿ ಯಾವ ತೊಡಕೂ ಇಲ್ಲದೆ ತೆರೆಯುವುದು. ಅದರಲ್ಲಿ ಹಳೆಯದಾಗಿ ಕೆಡುವಂಥ ವಸ್ತುವು ಇಲ್ಲದಿರುವುದೇ ಇದಕ್ಕೆ ಕಾರಣ.

ಆದರೆ ಅಲಂಕಾರವು ಬರಲು ಬಹಳ ಕಾಲ ಹಿಡಿಯಲಿಲ್ಲ. 1993ರಲ್ಲಿಯೇ ಮೊಸಾಯಿಕ್ ಎಂಬ ಬ್ರೌಸರು ಬರಹದ ನಡುವೆಯೇ ಚಿತ್ರಗಳನ್ನು ತೋರಿಸತೊಡಗಿತು. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ತಾಣವು ಸಾಮಾನ್ಯ ಜನರಿಗೆ ಬಿಟ್ಟಿಯಾಗಿ ಪುಟಗಳನ್ನು ಕೊಟ್ಟಿತು. ಲಕ್ಷಾಂತರ ಜನರು ಅಲ್ಲಿ ಮಿನುಗುವ ನಕ್ಷತ್ರಗಳನ್ನೂ, ಓಡುವ ಅಕ್ಷರಗಳನ್ನೂ, ತಾವಾಗಿಯೇ ಮೊಳಗುವ ಸಂಗೀತವನ್ನೂ ಇಟ್ಟುಕೊಂಡು ಸಂತೋಷಪಟ್ಟರು. 2009ರಲ್ಲಿ ಆ ತಾಣವು ಮುಚ್ಚಿಹೋಯಿತು. ಹಳೆಯದನ್ನು ಕಾಪಾಡುವ ಕೆಲವು ಸ್ವಯಂಸೇವಕರು ಕೈಗೆ ಸಿಕ್ಕಷ್ಟನ್ನು ನಕಲುಮಾಡಿಟ್ಟರಾದರೂ, ತಮ್ಮ ಪುಟದ ಪ್ರತಿಯನ್ನು ತಾವೇ ಇಟ್ಟುಕೊಳ್ಳದಿದ್ದ ಎಷ್ಟೋ ಜನರ ಬರಹವು ಅಳಿದುಹೋಯಿತು. ಆಮೇಲೆ ಫ್ಲ್ಯಾಶ್ ಎಂಬ ತಂತ್ರಾಂಶದಿಂದ ಚಲಿಸುವ ಚಿತ್ರಗಳ ಪುಟಗಳನ್ನು ಮಾಡುವುದು ದೊಡ್ಡ ಸಂಭ್ರಮವಾಗಿತ್ತು. ಅದನ್ನು ನಡೆಸುತ್ತಿದ್ದ ಕಂಪೆನಿಯು 2020ನೆಯ ಇಸವಿಯ ಡಿಸೆಂಬರ್ 31ಕ್ಕೆ ಅದರ ಬೆಂಬಲವನ್ನು ನಿಲ್ಲಿಸಿತು. ಕೇವಲ ಆ ವಿದ್ಯೆಯ ಮೇಲೆ ನಿಂತಿದ್ದ ಪುಟಗಳು ಇಂದಿನ ಬ್ರೌಸರುಗಳಲ್ಲಿ ಬರಿದಾದ ಚೌಕವಾಗಿ ಕಾಣುವುವು. 1991ರ ಪುಟವನ್ನು ಓದಬಹುದು, 2005ರ ಅಲಂಕೃತ ಪುಟವನ್ನು ಓದಲಾಗದು. ಇದು ಯೋಚಿಸತಕ್ಕ ವಿಷಯವಲ್ಲವೇ?

ಕನ್ನಡದವರಾದ ನಮಗೆ ಇದಲ್ಲದೆ ಇನ್ನೊಂದು ಕಷ್ಟವೂ ಇತ್ತು. ಲೋಕದ ಲಿಪಿಗಳಿಗೆಲ್ಲ ಒಂದೊಂದು ನಿಶ್ಚಿತ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ಅದು ಎಲ್ಲರ ಬಳಕೆಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಆ ನಡುವೆ ಒಂದೊಂದು ತಂತ್ರಾಂಶವು ಒಂದೊಂದು ಬಗೆಯಲ್ಲಿ ಕನ್ನಡ ಅಕ್ಷರಗಳನ್ನು ಇರಿಸುತ್ತಿತ್ತು. ಓದುವವರ ಗಣಕದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದುವು. ಆದುದರಿಂದ ಹಲವರು ಬರಹವನ್ನೆಲ್ಲ ಚಿತ್ರವನ್ನಾಗಿ ಮಾಡಿ ಪುಟದಲ್ಲಿ ಅಂಟಿಸುತ್ತಿದ್ದರು. ಈಗ ಆ ಅಗತ್ಯವಿಲ್ಲ. ಸಾಮಾನ್ಯವಾದ ಮೊಬೈಲಿನಲ್ಲಿಯೂ ಕನ್ನಡದ ಅಕ್ಷರಗಳು ಸಿದ್ಧವಾಗಿರುವುವು. ಆದರೂ ಹೂಬಳ್ಳಿಗಳ ನಡುವೆ ಬರಹವನ್ನಿಟ್ಟು ಚಿತ್ರವನ್ನಾಗಿ ಮಾಡುವ ಅಭ್ಯಾಸವು ಬಿಟ್ಟುಹೋಗಿಲ್ಲ. ಚಿತ್ರವಾದ ಬರಹವನ್ನು ಹುಡುಕುವ ಯಂತ್ರಗಳು ಸುಲಭವಾಗಿ ಕಾಣಲಾರವು. ಕಣ್ಣಿಲ್ಲದವರಿಗೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಈಗ ಕನ್ನಡದಲ್ಲಿಯೂ ಇರುವುವು. ಬರಹವು ಬರಹವಾಗಿಯೇ ಇದ್ದರೆ ಅವು ಅದನ್ನು ನೆಟ್ಟಗೆ ಓದುವುವು, ಚಿತ್ರವಾಗಿದ್ದರೆ ತಡವರಿಸುವುವು.

ಇನ್ನು ತೂಕದ ಮಾತು. ಜಾಲಪುಟಕ್ಕೂ ಒಂದು ತೂಕವುಂಟು. ಅದನ್ನು ಬೈಟುಗಳೆಂಬ ಮಾನದಿಂದ ಎಣಿಸುವರು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಈಗ ಎಲ್ಲೆಡೆ ನಡೆಯುವ ಪದ್ಧತಿಯಲ್ಲಿ ಕನ್ನಡದ ‘ಕ’ ಅಕ್ಷರಕ್ಕೆ ಮೂರು ಬೈಟುಗಳು ಬೇಕು; ‘ಕ್ಷ’ ಎಂಬ ಒತ್ತಕ್ಷರಕ್ಕೆ ಒಂಬತ್ತು. ಹೀಗಿದ್ದರೂ ಎರಡೂವರೆ ಸಾವಿರ ಪದಗಳ ಒಂದು ಕನ್ನಡ ಲೇಖನವು ಅರುವತ್ತು ಎಪ್ಪತ್ತು ಕಿಲೋಬೈಟುಗಳನ್ನು ಮೀರುವುದು ಅಪರೂಪ. ಮೊಬೈಲಿನಿಂದ ತೆಗೆದ ಒಂದು ಭಾವಚಿತ್ರವನ್ನು ಕುಗ್ಗಿಸದೆ ಹಾಗೆಯೇ ಇಟ್ಟರೆ ಮೂರು ಮೆಗಾಬೈಟಾದರೂ ಆಗುವುದು. ಎಂದರೆ ನಲವತ್ತಕ್ಕೂ ಹೆಚ್ಚು ಲೇಖನಗಳ ತೂಕವನ್ನು ಒಂದೇ ಚಿತ್ರವು ಹೊತ್ತಿರುವುದು. ಸೆಕೆಂಡಿಗೆ ಹದಿನಾರು ಕಿಲೋಬೈಟು ಸಾಗುವ ಕ್ಷೀಣವಾದ ಸಂಪರ್ಕದಲ್ಲಿ ಆ ಲೇಖನವು ನಾಲ್ಕೈದು ಸೆಕೆಂಡುಗಳಲ್ಲಿ ಬಂದುಮುಟ್ಟಿದರೆ, ಆ ಚಿತ್ರಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಕಾಯಬೇಕಾಗುವುದು. ಪಟ್ಟಣದಲ್ಲಿ ಕುಳಿತು ಪುಟವನ್ನು ಸಿದ್ಧಪಡಿಸುವವರಿಗೆ ಈ ವ್ಯತ್ಯಾಸವು ತೋರುವುದೇ ಇಲ್ಲ. ಹಳ್ಳಿಯಲ್ಲಿ ಕುಳಿತು ಓದುವವರಿಗೆ ಅದು ಓದುವುದಕ್ಕೂ ಓದದೆ ಇರುವುದಕ್ಕೂ ನಡುವಿನ ವ್ಯತ್ಯಾಸವಾಗುವುದು.

ಈ ಲೆಕ್ಕವು ನನ್ನ ಪಾಲಿಗೆ ಬರಿಯ ಲೆಕ್ಕವಾಗಿ ಉಳಿಯದೆ ಇದ್ದುದಕ್ಕೆ ನಮ್ಮ ತಾಯಿಯವರ ಒಂದು ನೋಟುಪುಸ್ತಕವು ಕಾರಣ. ನಮ್ಮ ತಾಯಿಯವರು ಹಲಬರ್ಗಾ ಗ್ರಾಮದಲ್ಲಿ ಹುಟ್ಟಿ, ಇದೇ ಶಾಲೆಯಲ್ಲಿ ಅಕ್ಷರ ಕಲಿತವರು. ಬೀದರ ಸೀಮೆಯು 1948ರ ಸೆಪ್ಟೆಂಬರ್ ತಿಂಗಳವರೆಗೆ ನಿಜಾಮರ ಆಳಿಕೆಯಲ್ಲಿತ್ತೆಂಬುದನ್ನೂ, ಆ ಕಾಲದಲ್ಲಿ ಕಚೇರಿಗೂ ಮೇಲಿನ ತರಗತಿಗಳಿಗೂ ಉರ್ದುವೇ ಭಾಷೆಯಾಗಿತ್ತೆಂಬುದನ್ನೂ ಹಿರಿಯರಾದ ವಾಚಕರು ಬಲ್ಲರು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರೆಂಬುದು ಈ ಭಾಗದಲ್ಲಿ ಮನೆಮನೆಯ ಮಾತು. ಅಂಥ ಕಾಲದಲ್ಲಿ ಕನ್ನಡದ ಅಕ್ಷರಗಳನ್ನು ಕಲಿತ ಹುಡುಗಿಯು ಅವುಗಳನ್ನು ಸುಮ್ಮನೆ ಬಿಡುವಳೇ? ತಾಯಿಯವರು ಮದುವೆಯಾಗಿ, ಮಕ್ಕಳನ್ನು ಹೆತ್ತು, ಹೊಲಮನೆಗಳ ದುಡಿತದ ನಡುವೆಯೂ ರಾತ್ರಿಯ ಹೊತ್ತು ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬೀಸುವ ಪದಗಳು, ಎಳ್ಳಮಾವಾಸ್ಯೆಯ ಭಜ್ಜಿಯ ಕ್ರಮ, ಯಾವ ಹೊಲಕ್ಕೆ ಏನು ಹೆಸರು, ಯಾವ ಮಳೆಗೆ ಯಾವ ಬಿತ್ತನೆ, ಕನ್ನಡ ಉರ್ದು ಮರಾಠಿ ಮೂರೂ ಬೆರೆತ ನಮ್ಮ ಕಡೆಯ ಮಾತುಗಳು, ಇವೆಲ್ಲವೂ ಅದರಲ್ಲಿರುವುವು.

ಅವರು ಪ್ರಭುವಿನಲ್ಲಿ ನಿದ್ರೆಹೋದ ಬಳಿಕ ಆ ಪುಸ್ತಕವು ಯಾರ ಬಳಿ ಇರಬೇಕೆಂಬ ಮಾತು ಬಂದಿತು. ನಾವು ಮಕ್ಕಳು ನಾಲ್ವರು. ಒಬ್ಬರು ಪುಣೆಯಲ್ಲಿ, ಒಬ್ಬರು ಹೈದರಾಬಾದಿನಲ್ಲಿ, ಒಬ್ಬರು ಸಮುದ್ರದಾಚೆ, ನಾನು ಬೀದರಿನಲ್ಲಿ. ಪುಸ್ತಕವು ಒಂದೇ, ಅದರ ಹಾಳೆಗಳು ಮುಟ್ಟಿದರೆ ಮುರಿಯುವಂತಿದ್ದುವು. ಕೊನೆಗೆ ಅದರಲ್ಲಿರುವುದನ್ನೆಲ್ಲ ಅಚ್ಚುಕಟ್ಟಾಗಿ ಟೈಪುಮಾಡಿ ಒಂದು ಜಾಲಪುಟದಲ್ಲಿ ಇಡುವುದೆಂದು ನಿಶ್ಚಯಿಸಿದೆವು. ಹೈದರಾಬಾದಿನಲ್ಲಿರುವ ನನ್ನ ಅಣ್ಣನ ಮಗಳು ಈ ಕೆಲಸವನ್ನು ಪ್ರೀತಿಯಿಂದ ವಹಿಸಿಕೊಂಡಳು. ಅವಳು ಎರಡು ಬಗೆಯ ಪುಟಗಳನ್ನು ಮಾಡಿ, “ಅತ್ತಿ, ಎರಡೂ ನೋಡ್ರಿ, ಯಾವುದು ಬೇಕಂತೀರಿ ಅದನ್ನ ಇಡೋಣು” ಎಂದು ಕಳುಹಿಸಿದಳು. ಮೊದಲನೆಯದು ಮಾರುಕಟ್ಟೆಯಲ್ಲಿ ಸಿಕ್ಕುವ ಸಿದ್ಧ ಮಾದರಿಯಿಂದ ಮಾಡಿದ್ದು. ಅದರಲ್ಲಿ ಬಂಗಾರದ ಬಣ್ಣದ ಅಕ್ಷರಗಳು, ಒಂದರ ಮೇಲೊಂದು ಸರಿಯುವ ಆರು ಭಾವಚಿತ್ರಗಳು, ಮೇಲಿನಿಂದ ಉದುರುವ ಹೂವುಗಳು, ತೆರೆದೊಡನೆ ಮೊಳಗುವ ವಾದ್ಯ. ಅದರ ತೂಕ ಸುಮಾರು ಆರು ಮೆಗಾಬೈಟು. ಎರಡನೆಯದರಲ್ಲಿ ಬಿಳಿಯ ಹಿನ್ನೆಲೆ, ಕಪ್ಪು ಅಕ್ಷರ, ತಾಯಿಯವರ ಹೆಸರು, ಬರಹ, ಮತ್ತು ಅವರ ಕೈಬರಹದ ಒಂದೇ ಒಂದು ಹಾಳೆಯ ಚಿತ್ರ. ಅದರ ತೂಕ ನೂರು ಕಿಲೋಬೈಟು.

ನಮ್ಮ ಮನೆಯಲ್ಲಿ ಅಭಿಪ್ರಾಯಗಳು ಎರಡಾದುವು. ತಾಯಿಯವರ ಗೌರವಕ್ಕೆ ಮೊದಲನೆಯದೇ ತಕ್ಕದೆಂದು ಕೆಲವರು ಹೇಳಿದರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ಆಗ ನಾನು, ಇದನ್ನು ಓದಬೇಕಾದವರಲ್ಲಿ ಮೊದಲನೆಯವರು ಯಾರೋ ಅವರನ್ನೇ ಕೇಳೋಣವೆಂದೆನು. ತಾಯಿಯವರ ತಂಗಿಯು, ಎಂದರೆ ನಮ್ಮ ಚಿಗವ್ವನವರು, ಹಲಬರ್ಗಾದಲ್ಲಿಯೇ ಇದ್ದರು. ಆಗ ಅವರಿಗೆ ಎಂಬತ್ತರ ಮೇಲಾಗಿತ್ತು. ಬೀದರಿನಿಂದ ಭಾಲ್ಕಿಗೆ ಹೋಗುವ ರೈಲು ಆ ಊರಿನಲ್ಲಿ ನಿಲ್ಲುವುದು. ಆದರೆ ಮೊಬೈಲಿನ ಸಂಪರ್ಕವು ಅವರ ಮನೆಯ ದಪ್ಪ ಗೋಡೆಗಳ ಒಳಗೆ ಬರುವುದು ಅಷ್ಟು ನಿಶ್ಚಯವಿರಲಿಲ್ಲ. ಮಾಳಿಗೆಯ ಮೇಲೆ ಹತ್ತಿ ನಿಂತರೆ ಚೆನ್ನಾಗಿ ಬರುತ್ತಿತ್ತು. ಆ ವಯಸ್ಸಿನವರನ್ನು ಮಾಳಿಗೆ ಹತ್ತಿರೆಂದು ಹೇಳುವವರಾರು? ಅವರ ಕೈಯಲ್ಲಿದ್ದುದು ಮೊಮ್ಮಗನು ಬಳಸಿ ಬಿಟ್ಟ ಹಳೆಯ ಮೊಬೈಲು.

ನಾನು ಅವರ ಪಕ್ಕದಲ್ಲಿ ಕುಳಿತು ಮೊದಲನೆಯ ಪುಟವನ್ನು ತೆರೆದೆನು. ಪರದೆಯ ಮೇಲೆ ಬಹಳ ಹೊತ್ತು ಒಂದು ವೃತ್ತವು ಸುತ್ತುತ್ತಿತ್ತು. ಆಮೇಲೆ ಅಕ್ಷರಗಳಿಗಿಂತ ಮೊದಲು ವಾದ್ಯವು ಕೇಳಿಬಂದಿತು. ಚಿಗವ್ವನವರು “ಯಾರ ಮದುವಿ ಪತ್ರಿಕಾ ಇದು?” ಎಂದು ಕೇಳಿ ಮೊಬೈಲನ್ನು ಚಾಪೆಯ ಮೇಲಿಟ್ಟರು. ಎರಡನೆಯ ಪುಟವು ಅವರು ಕನ್ನಡಕವನ್ನು ಒರೆಸಿಕೊಳ್ಳುವಷ್ಟರಲ್ಲಿ ತೆರೆದುಕೊಂಡಿತು. ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟೆನು. ಸಾಲುಗಳು ಪರದೆಯಾಚೆಗೆ ಓಡಿಹೋಗಲಿಲ್ಲ. ಅವರು ಮೊದಲು ತಮ್ಮ ಅಕ್ಕನ ಕೈಬರಹವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಒಂದು ಬೀಸುವ ಪದವನ್ನು ಮೆಲ್ಲನೆ ಓದಿ, ನಡುವೆ ನಿಲ್ಲಿಸಿ, “ಅಕ್ಕ ಈ ಪದ ಅರ್ಧಾನೇ ಬರದಾಳ. ಮುಂದ ಇನ್ನಾ ನಾಕ್ ನುಡಿ ಅವ” ಎಂದರು. ಹಾಗಾದರೆ ಯಾಕೆ ಬರೆಯಲಿಲ್ಲವೆಂದು ನಾನು ಕೇಳಿದುದಕ್ಕೆ, “ಆಗ ಎಲ್ಲಾರಿಗೂ ಬರ್ತಿತ್ತಲ್ಲವ್ವಾ, ಯಾರಿಗಿ ಬರೀಬೇಕು?” ಎಂದು ಉತ್ತರವಿತ್ತರು.

ಆ ನಾಲ್ಕು ನುಡಿಗಳನ್ನು ಅವರು ಅಲ್ಲಿಯೇ ಹಾಡಿದರು, ನಾನು ಬರೆದುಕೊಂಡೆನು. ಅನಂತರ ಅವರಿಗೇ ಅದೊಂದು ಅಭ್ಯಾಸವಾಯಿತು. ಮಧ್ಯಾಹ್ನ ಊಟವಾದ ಮೇಲೆ ಪುಟವನ್ನು ತೆರೆದು ಓದುವುದು, ತಪ್ಪು ಕಂಡಲ್ಲಿ ನಮ್ಮ ಹುಡುಗಿಗೆ ಫೋನುಮಾಡಿ ಹೇಳುವುದು. ಎರಡು ಹೊಲಗಳ ಹೆಸರು ಅದಲುಬದಲಾಗಿದ್ದುದು ಅವರಿಂದಲೇ ತಿಳಿಯಿತು. ನಾವು ಯಾರೂ ಕೇಳರಿಯದ ಹಲವು ಮಾತುಗಳ ಅರ್ಥವೂ ಅವರಿಂದಲೇ ದೊರೆಯಿತು. ಮರುವರ್ಷದ ಬೇಸಿಗೆಯಲ್ಲಿ ಅವರೂ ಪ್ರಭುವಿನಲ್ಲಿ ನಿದ್ರೆಹೋದರು. ಅವರು ಹೇಳಿಕೊಟ್ಟುದು ಪುಟದಲ್ಲಿ ಉಳಿದಿರುವುದು. ಆ ಪುಟವು ಅವರ ಮನೆಯೊಳಗೆ ತೆರೆಯದೆ ಹೋಗಿದ್ದರೆ ಆ ಪದವು ಅರ್ಧವಾಗಿಯೇ ಉಳಿಯುತ್ತಿತ್ತು; ಅರ್ಧವೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಪ್ರಿಯ ಸಹೋದರಿಯರೇ, ಸರಳತೆಯೆಂದರೆ ಕೆಲಸವನ್ನು ಕಡಿಮೆ ಮಾಡುವುದೆಂದು ತಿಳಿಯಬಾರದು. ನಮ್ಮ ಬೀದರಿನ ಬಿದರಿ ಕೆಲಸವನ್ನೇ ನೋಡಿರಿ. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರಸಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪುಮಾಡಿ, ಮೈಲುತುತ್ತದ ನೀರಿನಿಂದ ಮೇಲ್ಮೈಯನ್ನು ಕಪ್ಪಾಗಿಸಿ ಅದರ ಮೇಲೆ ಚಿತ್ರವನ್ನು ಬರೆಯುವರು. ಚಿಕ್ಕ ಉಳಿಯಿಂದ ಆ ಗೆರೆಗಳನ್ನು ಕೊರೆದು ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂರಿಸುವರು. ಕೊನೆಯಲ್ಲಿ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಬೆರಸಿದ ನೀರಿನಲ್ಲಿ ಪಾತ್ರೆಯನ್ನು ಹಾಕುವರು. ಆಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುವುದು, ಬೆಳ್ಳಿಯು ಮಾತ್ರ ಹೊಳೆಯುತ್ತ ನಿಲ್ಲುವುದು. 2023ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಂಥ ಕುಶಲಿಗಳು ಜೀವಮಾನವಿಡೀ ಮಾಡುವ ಕೆಲಸವು ಇದು. ಬಿದರಿ ಪಾತ್ರೆಯ ಮೇಲೆ ಬಳ್ಳಿಗಳೂ ಹೂವುಗಳೂ ಉಂಟು, ನಿಜ. ಆದರೆ ಆ ಕಪ್ಪು ನೆಲವು ತಾನು ಮೆರೆಯಬೇಕೆಂದು ಎಂದೂ ಬಯಸಲಿಲ್ಲ. ಬೆಳ್ಳಿಯು ಕಾಣಲೆಂದು ತಾನು ಸುಮ್ಮನಿರುವುದು. ಜಾಲಪುಟದ ಹಿನ್ನೆಲೆಯೂ ಹೀಗೆಯೇ ಇರಬೇಕು. ಅಲ್ಲಿ ಬೆಳ್ಳಿಯೆಂದರೆ ನಿಮ್ಮ ಮಾತು.

ಸರಳತೆಯ ಹೆಸರಿನಲ್ಲಿ ಇನ್ನೊಂದು ಬಗೆಯ ಆಡಂಬರವೂ ಈಚೆಗೆ ಬಂದಿರುವುದು. ಬಿಳಿಯ ಹಿನ್ನೆಲೆಯ ಮೇಲೆ ತೆಳುವಾದ ಬೂದು ಬಣ್ಣದ ಸಣ್ಣ ಅಕ್ಷರಗಳು, ದಾರಿಯನ್ನು ತೋರಿಸುವ ಕೊಂಡಿಗಳೆಲ್ಲ ಒಂದು ಗುಪ್ತ ಚಿಹ್ನೆಯ ಹಿಂದೆ, ಪುಟದ ತುಂಬ ಬರಿಯ ಖಾಲಿ ಜಾಗ. ನೋಡುವುದಕ್ಕೆ ಶಾಂತವಾಗಿ ಕಾಣುವುದು. ಓದುವುದಕ್ಕೆ ಹೋದರೆ ಕಣ್ಣು ನೋಯುವುದು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವು ಕನಿಷ್ಠಪಕ್ಷ 4.5ಕ್ಕೆ 1ರಷ್ಟಾದರೂ ಇರಬೇಕೆಂದು ಜಾಲಪುಟಗಳ ಅಂತರರಾಷ್ಟ್ರೀಯ ನಿಯಮಾವಳಿಯು ಹೇಳುವುದು. ಅಪ್ಪಟ ಬಿಳುಪಿನ ಮೇಲೆ ಅಪ್ಪಟ ಕಪ್ಪಿದ್ದರೆ ಅದು 21ಕ್ಕೆ 1. ಚಿಗವ್ವನಂಥವರ ಕಣ್ಣಿಗೆ ಕಾಣದ ಸರಳತೆಯು ಸರಳತೆಯಲ್ಲ. ಪುಟವು ಮಾಡಿದವರನ್ನು ಮೆಚ್ಚಿಸುವುದಕ್ಕಾಗಿ ಬರಿದಾಗಿದ್ದರೆ ಅದೂ ಒಂದು ಅಲಂಕಾರವೇ.

ಕನ್ನಡದ ಪುಟವನ್ನು ಮಾಡುವವರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ. ನಮ್ಮ ಲಿಪಿಯಲ್ಲಿ ಗುಡಿಸು, ಏತ್ವಗಳು ಮೇಲಕ್ಕೂ ಒತ್ತಕ್ಷರಗಳು ಕೆಳಕ್ಕೂ ಚಾಚುವುದರಿಂದ, ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರವು ಕನ್ನಡಕ್ಕೆ ಸಾಲದು; ಅಕ್ಷರದ ಎತ್ತರದ ಒಂದೂ ಮುಕ್ಕಾಲರಷ್ಟು ಅಂತರವನ್ನು ಬಿಟ್ಟರೆ ಓದಲು ಹಿತವಾಗುವುದು. ಅಕ್ಷರ ಅಕ್ಷರಗಳ ನಡುವೆ ಜಾಗವನ್ನು ಹಿಗ್ಗಿಸುವ ಇಂಗ್ಲಿಷಿನ ಪದ್ಧತಿಯು ಕನ್ನಡಕ್ಕೆ ಒಗ್ಗುವುದಿಲ್ಲ. ಓದುವವರ ಮೊಬೈಲಿನಲ್ಲಿ ಇರುವ ಅಕ್ಷರಶೈಲಿಯನ್ನೇ ಬಳಸಿದರೆ ಬೇರೆ ಶೈಲಿಯನ್ನು ಪುಟದ ಜೊತೆಗೆ ಕಳುಹಿಸುವ ಭಾರವು ತಪ್ಪುವುದು. ಚಿತ್ರವನ್ನು ಇಡಲೇಬೇಕಾದರೆ ಕುಗ್ಗಿಸಿ ಇಡಿರಿ. ಅದರ ಕೆಳಗೆ ಅದು ಏನೆಂದು ಒಂದು ಸಾಲು ಬರೆಯಿರಿ. ಪುಟದ ಮೇಲೆ ನಿಮ್ಮ ಹೆಸರು, ಕೆಳಗೆ ಬರೆದ ದಿನಾಂಕ, ಮೊದಲಿನ ಪುಟಕ್ಕೆ ಹಿಂದಿರುಗುವ ಒಂದು ಕೊಂಡಿ ಇರಲಿ. ಕೇಳದೆ ಮೊಳಗುವ ಸಂಗೀತವಾಗಲಿ, ಓದುವವರು ಯಾರೆಂದು ಕದ್ದುನೋಡುವ ಉಪಕರಣಗಳಾಗಲಿ ಬೇಡ. ಪುಟದ ಒಂದು ಪ್ರತಿಯು ನಿಮ್ಮ ಮನೆಯಲ್ಲಿಯೇ ಪೆನ್‌ಡ್ರೈವಿನಲ್ಲಿ ಇರಲಿ. ಸಾದಾ ಪುಟವು ಒಂದು ಚಿಕ್ಕ ಕಡತವಷ್ಟೇ ಆದ್ದರಿಂದ, ಒಂದು ಕಂಪೆನಿಯು ಬಾಗಿಲು ಹಾಕಿದರೆ ಅದನ್ನು ಮರುದಿನವೇ ಇನ್ನೊಂದು ಕಡೆ ಇಡಬಹುದು.

ಇಷ್ಟನ್ನೂ ಕೇಳಿದಮೇಲೆ, ಹಾಗಾದರೆ ಚೆಲುವಿಗೆ ಎಡೆಯೇ ಇಲ್ಲವೇ ಎಂದು ಎಳೆಯರು ಕೇಳಬಹುದು. ನಮ್ಮ ಹುಡುಗಿಯೂ ಇದನ್ನೇ ಕೇಳಿದಳು. ಹಬ್ಬದ ದಿನ ಅಂಗಳದಲ್ಲಿ ಬಣ್ಣ ತುಂಬುವ ಕೈಗಳಿಗೆ ಬಿಳಿಯ ಪುಟವು ಬರಿದೆನಿಸುವುದು ಸಹಜ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಒಂದೊಂದು ವಸ್ತುವನ್ನು ಇಡುವಾಗಲೂ, ಇದನ್ನು ತೆಗೆದರೆ ಓದುವವರಿಗೆ ಏನು ನಷ್ಟವೆಂದು ಕೇಳಿಕೋ. ಉದುರುವ ಹೂವುಗಳನ್ನು ತೆಗೆದರೆ ಏನೂ ನಷ್ಟವಿಲ್ಲ. ಅಜ್ಜಿಯ ಕೈಬರಹದ ಹಾಳೆಯನ್ನು ತೆಗೆದರೆ ನಷ್ಟವುಂಟು. ಏಕೆಂದರೆ ಆ ಸೊಟ್ಟ ಗೆರೆಗಳಲ್ಲಿ ದೀಪದ ಮಂದ ಬೆಳಕೂ, ದಿನದ ದಣಿವೂ, ಆದರೂ ಬಿಡದ ಹಟವೂ ಕಾಣುವುವು. ಆದ್ದರಿಂದ ಅದು ಉಳಿಯಿತು. ಉಳಿದದ್ದು ಒಂದೇ ಆದುದರಿಂದ ಎಲ್ಲರ ಕಣ್ಣೂ ಅದರ ಮೇಲೆಯೇ ನಿಲ್ಲುವುದು. ಆರು ಚಿತ್ರಗಳ ಸಾಲಿನಲ್ಲಿ ಅದೂ ಸರಿದುಹೋಗುತ್ತಿತ್ತು.

ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಗಳೆಂಬುದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರುವ ಸಂಗತಿ. 1843ನೆಯ ಇಸವಿಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಪಕ್ಷಕ್ಕೊಮ್ಮೆ ಬರತೊಡಗಿತು, ಆ ದಿನವನ್ನು ಈಗಲೂ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುವರು. ಕಲ್ಲಚ್ಚಿನಲ್ಲಿ ಅಕ್ಷರಗಳನ್ನು ಕೈಯಿಂದಲೇ ಬರೆಯಬೇಕು. ಓದಲು ಬಾರದವರಿಗೆ ಓದಬಲ್ಲವರು ಓದಿ ಹೇಳುತ್ತಿದ್ದ ಕಾಲವದು. ಆ ಪತ್ರಿಕೆಯು ಇಂದು ನೆನಪಿನಲ್ಲಿರುವುದು ಅದರ ಅಲಂಕಾರಕ್ಕಾಗಿ ಅಲ್ಲ. ಜನರಿಗೆ ತಿಳಿಯುವ ಕನ್ನಡದಲ್ಲಿ ಸಮಾಚಾರವನ್ನು ಅವರ ಕೈಗೆ ಮುಟ್ಟಿಸಿತೆಂಬುದಕ್ಕಾಗಿ. ಹಾಗೆ ಮುಟ್ಟಿಸುವುದಕ್ಕೆ ಅಂದು ಒಂದು ಮುದ್ರಣಾಲಯವೂ ಅದನ್ನು ನಡೆಸುವ ಮಿಶನ್ನೂ ಬೇಕಾಗಿದ್ದುವು. ಇಂದು ಹಲಬರ್ಗಾದ ಒಬ್ಬ ಹುಡುಗಿಯು ತನ್ನ ಮೊಬೈಲಿನಿಂದಲೇ ಆ ಕೆಲಸವನ್ನು ಮಾಡಬಲ್ಲಳು. ಇದಕ್ಕಿಂತ ದೊಡ್ಡ ಐಶ್ವರ್ಯವನ್ನು ಯಾವ ಬಂಗಾರದ ಅಕ್ಷರವು ಕೊಡಬಲ್ಲುದು?

ಸತ್ಯವೇದದಲ್ಲಿ ಬೇಥಾನ್ಯದ ಇಬ್ಬರು ಅಕ್ಕತಂಗಿಯರ ವೃತ್ತಾಂತವನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕಲಿತಿರುವೆವು. ಮಾರ್ಥಳು ಅತಿಥಿಗಾಗಿ ಹಲವು ಕೆಲಸಗಳಲ್ಲಿ ತೊಡಗಿ ತಲ್ಲಣಗೊಂಡಳು. ಮರಿಯಳು ಅತಿಥಿಯ ಮಾತನ್ನು ಕೇಳುತ್ತ ಕುಳಿತಳು. ಚಿಕ್ಕಂದಿನಲ್ಲಿ ನನಗೆ ಮಾರ್ಥಳ ಮೇಲೆಯೇ ಕನಿಕರವಿತ್ತು, ಈಗಲೂ ಇಲ್ಲದಿಲ್ಲ. ಆಕೆಯ ಶ್ರಮವೆಲ್ಲ ಪ್ರೀತಿಯಿಂದಲೇ ಆದುದು. ಆದರೆ ಅತಿಥಿಗೆ ಬೇಕಾಗಿದ್ದುದು ಏನೆಂಬುದನ್ನು ಮರಿಯಳು ಅರಿತಳು. ನಮ್ಮ ಪುಟಗಳಿಗೆ ಬರುವ ಅತಿಥಿಗಳಿಗೆ ಬೇಕಾಗಿರುವುದೂ ಹಲವಲ್ಲ. ಅವರು ನಮ್ಮ ಮಾತನ್ನು ಕೇಳಬೇಕೆಂದು ಬರುವರು. ಕೆಲವರು, ನಮ್ಮ ಚಿಗವ್ವನವರಂತೆ, ನಮಗೆ ತಿಳಿಯದ ಮಾತನ್ನು ಹೇಳಿಕೊಡುವುದಕ್ಕೂ ಬರುವರು.

ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಇಂಥ ನೋಟುಪುಸ್ತಕಗಳು ಇನ್ನೂ ಎಷ್ಟೋ ಇರಬೇಕು. ಕೆಲವು ಪೆಟ್ಟಿಗೆಯ ತಳದಲ್ಲಿ, ಕೆಲವು ಅಟ್ಟದ ಮೇಲೆ, ಕೆಲವು ಬರೆಯದೆ ಮನಸ್ಸಿನಲ್ಲಿಯೇ ಇರುವುವು. ಅವುಗಳನ್ನು ಹೊರತರಲು ದೊಡ್ಡ ಹಣವನ್ನಾಗಲಿ, ಚೆಲುವಾದ ಮಾದರಿಯನ್ನಾಗಲಿ ಕಾಯಬೇಡಿರೆಂದು ನನ್ನ ವಿನಂತಿ. ಒಂದು ಬಿಳಿಯ ಪುಟ, ಸ್ಪಷ್ಟವಾದ ಕಪ್ಪು ಅಕ್ಷರ, ನಿಮ್ಮ ಹೆಸರು, ದಿನಾಂಕ; ಇಷ್ಟರಿಂದಲೇ ಆರಂಭಿಸಿರಿ. ಊರಿನಲ್ಲಿರುವ ಹಿರಿಯರಲ್ಲಿ ಒಬ್ಬರಿಗೆ ಅದನ್ನು ತೆರೆದು ಓದಲು ಹೇಳಿರಿ. ಅವರು ಓದಬಲ್ಲವರಾದರೆ ಪುಟವು ಸರಿಯಾಗಿರುವುದು. ಓದಿ ಅವರು “ಇದು ಅರ್ಧಾನೇ ಅದ” ಎಂದು ಹೇಳಿದರಂತೂ, ಕೂಡಲೇ ಒಂದು ಲೇಖನಿಯನ್ನು ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ.